ಉನಾಸಿಯೋ ನವಾಸಿಯೋ

ಹಿಂದಿಯಲ್ಲಿ ಎಪ್ಪತ್ತೊಂಬತ್ತಕ್ಕೆ ಉನಾಸಿ ಅನ್ನುತ್ತಾರೆ, ಎಂಬತ್ತೊಂಬತ್ತಕ್ಕೆ ನವಾಸಿ. ಇಷ್ಟು ಬರೆಯುವ ಮುಂಚೆ ಕೂಡ ಒಬ್ಬರನ್ನು ಕೇಳಿ ಖಾತ್ರಿ ಮಾಡಿಕೊಂಡೆ. ವರ್ಷಗಟ್ಟಲೆ ಸೇನೆಯಲ್ಲಿ ಅಧಿಕಾರಿಯಾಗಿದ್ದವಳು ನಾನು. ಹಿಂದಿಯಲ್ಲಿ ಬೈದಿದ್ದೇನೆ, ಬೈಸಿಕೊಂಡಿದ್ದೇನೆ, ಕನಸನ್ನೂ ಕಂಡಿದ್ದೇನೆ. ಆದರೆ ಆ ಭಾಷೆಯ ಎಣಿಕೆ ಮಾತ್ರ ನನಗೆ ಒಗ್ಗಲಿಲ್ಲ. ಕನ್ನಡದಲ್ಲಿ ಎಪ್ಪತ್ತು ಗೊತ್ತು, ಒಂಬತ್ತು ಗೊತ್ತು ಅಂದರೆ ಎಪ್ಪತ್ತೊಂಬತ್ತು ತಾನಾಗಿಯೇ ಬಂದುಬಿಡುತ್ತದೆ. ಹಿಂದಿಯಲ್ಲಿ ಹಾಗಲ್ಲ, ನೂರರವರೆಗೆ ಒಂದೊಂದು ಸಂಖ್ಯೆಗೂ ಒಂದೊಂದು ಹೊಸ ನಾಮಕರಣ. ಇದಕ್ಕೆ ನಾನು ಯಾವತ್ತೂ ನಾಚಿಕೊಂಡವಳಲ್ಲ. ನಾಚಿಕೊಂಡಿದ್ದರೆ ಈಗ ಹೇಳಲು ಹೊರಟಿರುವ ಸಂಗತಿ ಬೇರೆಯೇ ಆಗುತ್ತಿತ್ತು.

ಅಪ್ಪನದು ಬ್ಯಾಂಕಿನ ನೌಕರಿ. ಗದಗಿನಿಂದ ನಾಸಿಕ್ ರೋಡ್‌ಗೆ ವರ್ಗವಾದಾಗ ನಾನು ಎಂಟನೇ ತರಗತಿ. ಅಲ್ಲಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳಿಗೆ ಒಮ್ಮೆಲೇ ಮರಾಠಿ, ಹಿಂದಿ, ಇಂಗ್ಲಿಷ್ ಮೂರೂ ಮೈಮೇಲೆ ಬಿದ್ದವು. ಅಮ್ಮನ ಪಾಡು ಇನ್ನೂ ಬೇರೆ. ದೂರದ ಬಯಲಿನಲ್ಲಿ ಸೇನೆಯ ಫಿರಂಗಿ ತರಬೇತಿ ನಡೆದಾಗಲೆಲ್ಲ ಗುಡುಗು ಅಂದುಕೊಂಡು, ಮಹಡಿಯ ಮೇಲೆ ಒಣಹಾಕಿದ ಸಂಡಿಗೆ ಎತ್ತಿಡಲು ಓಡುತ್ತಿದ್ದಳು. ಮೇಲೆ ಹೋಗಿ ನೋಡಿದರೆ ಆಕಾಶದಲ್ಲಿ ಒಂದು ಚೂರು ಮೋಡ ಇರುತ್ತಿರಲಿಲ್ಲ. ಪಕ್ಕದ ಮನೆಯ ಮರಾಠಿ ಹೆಂಗಸೊಬ್ಬರು ಅವಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸದ್ದು ಕೇಳಿಸುವುದು ಬೇರೆ, ಅದು ಏನೆಂದು ತಿಳಿಯುವುದು ಬೇರೆ ಎಂಬ ಪಾಠ ನನಗೆ ಆಗಿದ್ದು ಆ ಮಹಡಿಯ ಮೇಲೆ.

ಅಪ್ಪ ಕೌಂಟರಿನಲ್ಲಿ ಕೂತು ಟೋಕನ್ ಕೂಗಬೇಕಿತ್ತು. ಅವರಿಗೂ ಮರಾಠಿ, ಹಿಂದಿ ಎಣಿಕೆ ಬಾರದು. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು. ಸಂಖ್ಯೆಯನ್ನು ಒಡೆದು, ಒಂದೊಂದೇ ಅಂಕಿ ಕೂಗುವುದು. ಎಪ್ಪತ್ತೊಂಬತ್ತಕ್ಕೆ “ಸಾತ್, ನೌ!” ಎಂದು ಅವರು ಗದಗಿನ ಗಂಟಲಲ್ಲಿ ಕೂಗಿದರೆ ಬ್ಯಾಂಕಿನ ಬೆಂಚಿನ ಮೇಲಿದ್ದ ನೋಟು ಮುದ್ರಿಸುವ ಪ್ರೆಸ್ಸಿನ ನೌಕರರು, ಅಂಗಡಿಯವರು ಎಲ್ಲ ಮುಸಿಮುಸಿ ನಗುತ್ತಿದ್ದರು. ಟೋಕನ್ ತಂದವರು ಕೈಯಲ್ಲಿದ್ದ ಅಂಕಿಯನ್ನು ತಿರುಗಿ ಹೇಳಿದ ಮೇಲೆಯೇ ಅಪ್ಪ ಕಿಂಡಿಯಿಂದ ದುಡ್ಡು ಹೊರಗೆ ಚಾಚುತ್ತಿದ್ದರು. ಒಮ್ಮೆ ಶಾಲೆಯಿಂದ ಹಾಗೇ ಬ್ಯಾಂಕಿಗೆ ಹೋದ ನಾನು ಆ ನಗು ಕೇಳಿ ಸಿಟ್ಟಾದೆ. ಅಪ್ಪ ತಣ್ಣಗೆ ಹೇಳಿದರು, “ನಗ್ಲಿ ಬಿಡವಾ. ಒಬ್ಬರ ರೊಕ್ಕ ಇನ್ನೊಬ್ಬರ ಕೈಗೆ ಹೋಗಬಾರದು, ಅಷ್ಟ.”

ಪದವಿ ಮುಗಿಸಿ ಸೇನೆ ಸೇರಿದೆ. ಸಂದೇಶ ವ್ಯವಸ್ಥೆಯ ವಿಭಾಗ. ಅಲ್ಲಿ ಇಲ್ಲಿ ಸುತ್ತಿ ಕೊನೆಗೆ ಔರಂಗಾಬಾದಿಗೆ ಬಂದೆ. ಈಗ ಅದು ಛತ್ರಪತಿ ಸಂಭಾಜಿನಗರ, ನಾನಿದ್ದ ಕಾಲಕ್ಕೆ ಎಲ್ಲರ ಬಾಯಲ್ಲೂ ಔರಂಗಾಬಾದೇ. ಬಂದ ವಾರದಲ್ಲಿ ನಮ್ಮ ಕರ್ನಲ್ ಸಾಹೇಬರು ಕರೆಸಿಕೊಂಡರು. ಗಢವಾಲದ ಕಡೆಯವರು, ಮಾತು ಕಡಿಮೆ, ಮೀಸೆ ಜಾಸ್ತಿ. “ನಮ್ಮ ಬಳಿ ಎಷ್ಟು ವಾಹನ, ಎಷ್ಟು ಡೀಸೆಲ್, ಎಷ್ಟು ಜನ ಅಂತ ದಿನಾ ಲೆಕ್ಕ ಬರುತ್ತದೆ. ನಮಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನುವ ಲೆಕ್ಕ ಯಾರೂ ಕೊಡುವುದಿಲ್ಲ. ಅದೂ ಒಂದು ಶಸ್ತ್ರವೇ. ಅದಕ್ಕೆ ತುಕ್ಕು ಹಿಡಿದಿದೆ,” ಎಂದರು. ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ ಒಂದು ಕೋಣೆಯನ್ನು ತೋರಿಸಿ, ಇನ್ನು ಇದು ನಿನ್ನದು ಎಂದರು.

ತುಕ್ಕು ಅಂದರೆ ಏನೆಂದು ತಿಳಿಯಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ಯಾವ ವಾಹನ ಎಲ್ಲಿದೆ ಎಂದು ವಾಹನ ವಿಭಾಗಕ್ಕೆ ಗೊತ್ತಿತ್ತು, ಅದರಲ್ಲಿ ಯಾರಿದ್ದಾರೆ ಎಂದು ಗೊತ್ತಿರಲಿಲ್ಲ. ಯಾರು ಊಟ ಮಾಡಿದರು ಎಂದು ಅಡುಗೆಮನೆಗೆ ಗೊತ್ತಿತ್ತು, ಯಾರು ರಜೆಯ ಮೇಲೆ ಹೋದರು ಎಂದು ಕಚೇರಿಗೆ ಗೊತ್ತಿತ್ತು. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ತಲುಪುವಷ್ಟರಲ್ಲಿ ಅದು ಹಳಸಿರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ರೋಗ ಎಂದರೆ, ಗೊತ್ತಿಲ್ಲ ಅನ್ನುವುದಕ್ಕೆ ಎಲ್ಲರಿಗೂ ಹೆದರಿಕೆ. ಸಾಹೇಬರು ಕೇಳಿದರೆ ಏನಾದರೊಂದು ಹೇಳಲೇಬೇಕು. ಹೇಳಿದ ಮೇಲೆ ಅದೇ ನಿಜ.

ನಾನು ಕೋಣೆಯ ಗೋಡೆಗೆ ಒಂದು ದೊಡ್ಡ ಬಿಳಿ ಹಲಗೆ ಹಾಕಿಸಿದೆ. ಕಣ್ಣಾರೆ ನೋಡಿದ್ದನ್ನು ಕಪ್ಪು ಶಾಯಿಯಲ್ಲಿ ಬರೆಯಬೇಕು, ಇನ್ನೊಬ್ಬರಿಂದ ಕೇಳಿದ್ದನ್ನು ನೀಲಿಯಲ್ಲಿ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಬೇಕು, ಖಾಲಿ ಬಿಟ್ಟವರನ್ನು ಬೈಯುವಂತಿಲ್ಲ. ಬೈಯುವ ಕೆಲಸವೇನಿದ್ದರೂ ಖಾಲಿ ಜಾಗದಲ್ಲಿ ಅಂದಾಜು ತುಂಬಿದವರಿಗೆ ಮಾತ್ರ, ಅದನ್ನು ನಾನು ಧಾರಾಳವಾಗಿ ಮಾಡುತ್ತಿದ್ದೆ. ಜೊತೆಗೆ ಅಪ್ಪನ ಟೋಕನ್ ನಿಯಮ. ಫೋನಿನಲ್ಲಿ ಬರುವ ಯಾವ ಸಂಖ್ಯೆಯೇ ಇರಲಿ, ಒಡೆದು ಒಂದೊಂದೇ ಅಂಕಿಯಾಗಿ ಹೇಳಬೇಕು, ಕೇಳಿದವರು ತಿರುಗಿ ಹೇಳಬೇಕು, ಹೇಳಿದವರು ಹೌದು ಅನ್ನಬೇಕು. ವೈರ್‌ಲೆಸ್ಸಿನಲ್ಲಿ ಮೊದಲಿನಿಂದಲೂ ಇದೇ ಪದ್ಧತಿ. ಆದರೆ ಕೈಗೆ ಮೊಬೈಲ್ ಬಂದ ಮೇಲೆ ಅದನ್ನು ಎಲ್ಲರೂ ಮರೆತು, ಮಾವನ ಮನೆಗೆ ಫೋನ್ ಮಾಡಿದ ಹಾಗೆ ಮಾತಾಡತೊಡಗಿದ್ದರು.

ಕೋಣೆಗೆ ‘ಮೇಮ್‌ಸಾಬ್ ಬಾಲವಾಡಿ’ ಎಂದು ಹೆಸರು ಬಿತ್ತು. ದೊಡ್ಡ ದೊಡ್ಡ ಮೀಸೆಯ ಹವಾಲ್ದಾರರು ಫೋನ್ ಹಿಡಿದು “ಚಾರ್... ದೋ... ಶೂನ್ಯ” ಎಂದು ಒಪ್ಪಿಸುವುದನ್ನು ಕೇಳಿದರೆ ನನಗೇ ನಗು ಬರುತ್ತಿತ್ತು. ಸಾತಾರಾ ಕಡೆಯ ನನ್ನ ಸುಬೇದಾರರು ಮೊದಮೊದಲು ಮುಖ ಕಿವುಚಿದರು. ಆಮೇಲೆ ನಾಸಿಕ್ ಕಡೆಯ ಬಯಲಿನಲ್ಲಿ ಒಂದು ಸಮರಾಭ್ಯಾಸ ನಡೆಯಿತು. ಎದುರು ಪಡೆಯ ನಲವತ್ತು ವಾಹನ ಉತ್ತರಕ್ಕಿವೆ ಎಂದು ಒಬ್ಬರು ಹೇಳಿದರು, ನಲವತ್ತು ಪೂರ್ವಕ್ಕಿವೆ ಎಂದು ಇನ್ನೊಬ್ಬರು, ನಲವತ್ತು ನದಿಯ ಬಳಿ ಇವೆ ಎಂದು ಮತ್ತೊಬ್ಬರು. ಬೇರೆಯವರಾಗಿದ್ದರೆ ನೂರಿಪ್ಪತ್ತು ಎಂದು ಕೂಡಿಸಿ ಹಿಂದೆ ಸರಿಯುತ್ತಿದ್ದರು. ನಮ್ಮ ಹಲಗೆಯ ಮೇಲೆ ಮೂರೂ ನೀಲಿ. ಸುಬೇದಾರರು ಮೂವರನ್ನೂ ಫೋನಿನಲ್ಲಿ ಹಿಡಿದು ಯಾರಿಂದ ಕೇಳಿದಿರಿ ಎಂದು ಕೆದಕಿದರು. ಮೂವರಿಗೂ ಹೇಳಿದವನು ಒಬ್ಬನೇ ನೀರಿನ ಟ್ಯಾಂಕರ್ ಚಾಲಕ. ಅವನು ಬೇರೆ ಬೇರೆ ಹೊತ್ತಿನಲ್ಲಿ ನೋಡಿದ್ದು ಅದೇ ನಲವತ್ತು ವಾಹನಗಳನ್ನು. ಒಂದೇ ಎಮ್ಮೆಯನ್ನು ಮೂರು ಸಲ ಎಣಿಸಿದ ಹಾಗೆ. ಕರ್ನಲ್ ಸಾಹೇಬರು ಮುಂದೆ ನುಗ್ಗಿದರು, ಅಭ್ಯಾಸ ನಾವು ಗೆದ್ದೆವು. ಅವತ್ತಿನಿಂದ ಸುಬೇದಾರರು ಬಾಲವಾಡಿಯ ಮುಖ್ಯೋಪಾಧ್ಯಾಯರಂತೆ ಎದೆಯುಬ್ಬಿಸಿ ಓಡಾಡತೊಡಗಿದರು. ನನಗೇನು ಕಡಿಮೆ ಹೆಮ್ಮೆಯೇ? ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ.

ಎಲ್ಲರೂ ಮೆಚ್ಚಿದರು ಎಂದಲ್ಲ. ಮೇಲಿನ ಕಚೇರಿಯಿಂದ ಪರಿಶೀಲನೆಗೆ ಬಂದ ಹಿರಿಯ ಅಧಿಕಾರಿಯೊಬ್ಬರು ಹಲಗೆಯ ಖಾಲಿ ಜಾಗಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಯುದ್ಧ ನಿಮ್ಮ ಮಗ್ಗಿ ಮುಗಿಯುವ ತನಕ ಕಾಯುವುದಿಲ್ಲ, ಕಂಪ್ಯೂಟರ್ ಬರುತ್ತದೆ, ಎಲ್ಲ ಕ್ಷಣದಲ್ಲಿ ಪರದೆಯ ಮೇಲೆ ಇರುತ್ತದೆ ಎಂದರು. ಕಂಪ್ಯೂಟರ್ ಬಂದರೆ ಸಂತೋಷ ಸರ್, ಆದರೆ ಸುಳ್ಳೂ ಅಷ್ಟೇ ಕ್ಷಣದಲ್ಲಿ ಪರದೆಯ ಮೇಲೆ ಇರುತ್ತದೆ ಎಂದುಬಿಟ್ಟೆ. ನನ್ನ ಬಾಯಿ ಹಾಗೆ. ಕರ್ನಲ್ ಸಾಹೇಬರು ಕೆಮ್ಮಿ ಮಾತು ಬದಲಿಸಿದರು.

ಇನ್ನು ಉನಾಸಿ, ನವಾಸಿಯರ ವಿಷಯ. ಸೇನೆಯಲ್ಲಿ ಒಂದು ರೂಢಿ ಇದೆ. ಒಂದೇ ಅಡ್ಡಹೆಸರಿನವರು ಇಬ್ಬರಿದ್ದರೆ, ಅವರ ಸೇವಾ ಸಂಖ್ಯೆಯ ಕೊನೆಯ ಎರಡು ಅಂಕಿ ಹಿಡಿದು ಕರೆಯುತ್ತಾರೆ. ನಮ್ಮ ವಾಹನ ವಿಭಾಗದಲ್ಲಿ ಹಾಗೆ ಇಬ್ಬರು ಸೈನಿಕರಿದ್ದರು. ಮಹಾರಾಷ್ಟ್ರದಲ್ಲೂ ನಮ್ಮ ಕಡೆಯಲ್ಲೂ ಓಣಿಗೊಬ್ಬರಿಗೆ ಇರುವಂಥ ಅಡ್ಡಹೆಸರು ಅವರದು. ಒಬ್ಬ ಕೊಲ್ಹಾಪುರದ ಕಡೆಯ ಮರಾಠಿಯವನು, ಅವನ ಸಂಖ್ಯೆಯ ಕೊನೆಗೆ ಎಪ್ಪತ್ತೊಂಬತ್ತು, ಅವನು ಉನಾಸಿ. ಇನ್ನೊಬ್ಬ ಬಾದಾಮಿ ಕಡೆಯ ಕನ್ನಡದವನು, ಎಂಬತ್ತೊಂಬತ್ತು, ನವಾಸಿ. ಒಬ್ಬನನ್ನು ಕೂಗಿದರೆ ಇನ್ನೊಬ್ಬ ಓಡಿ ಬರುತ್ತಿದ್ದ. ಅವರಿಬ್ಬರೂ ಒಂದೇ ಲಾರಿಯಲ್ಲಿ ಜೋಡಿಯಾಗಿ ಹೋಗುತ್ತಿದ್ದರು, ಒಬ್ಬ ದಣಿದರೆ ಇನ್ನೊಬ್ಬ ಓಡಿಸುತ್ತಿದ್ದ. ನವಾಸಿಯ ಹೆಂಡತಿ ಭಾನುವಾರ ನನ್ನ ಮನೆಗೆ ಬಂದು ಶೇಂಗಾ ಚಟ್ನಿ ಕೊಟ್ಟು, ಕನ್ನಡ ಮಾತಾಡಿ ಹೊಟ್ಟೆ ತುಂಬಿಸಿಕೊಂಡು ಹೋಗುತ್ತಿದ್ದಳು. ಅವಳ ಮಕ್ಕಳಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಅದೇ ಅವಳ ದೊಡ್ಡ ಚಿಂತೆ.

ಒಂದು ಮಧ್ಯಾಹ್ನ ನಮ್ಮ ಲಾರಿಗಳ ಸಾಲು ನಾಸಿಕ್ ಕಡೆಯಿಂದ ಔರಂಗಾಬಾದಿಗೆ ವಾಪಸು ಬರುತ್ತಿತ್ತು. ಯೇವಲೆ ದಾಟಿದ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಅಡ್ಡ ಬಂದು, ಅದನ್ನು ತಪ್ಪಿಸಲು ಹೋದ ನಮ್ಮ ಒಂದು ಲಾರಿ ರಸ್ತೆ ಬದಿಗೆ ಉರುಳಿತು. ಸಾಲಿನ ಜೊತೆಗಿದ್ದ ಹವಾಲ್ದಾರರು ಮೊದಲ ಫೋನ್ ಮಾಡಿ ಯಾವ ಲಾರಿ ಎಂದು ಹೇಳಿದರು. ಉನಾಸಿ, ನವಾಸಿ ಇಬ್ಬರೂ ಇದ್ದ ಲಾರಿ. ಇಬ್ಬರನ್ನೂ ಹತ್ತಿರದ ಊರಿನ ದವಾಖಾನೆಗೆ ಒಯ್ಯುತ್ತಿದ್ದೇವೆ ಎಂದರು, ಅಷ್ಟರಲ್ಲಿ ಲೈನ್ ಹೋಯಿತು.

ಅದಾದ ಸ್ವಲ್ಪ ಹೊತ್ತಿಗೇ ನನ್ನ ಮೊಬೈಲ್ ಹೊಡೆದುಕೊಂಡಿತು. ನವಾಸಿಯ ಹೆಂಡತಿ.

“ಮ್ಯಾಡಮ್ರ, ನಮ್ಮನಿಯವರ ಲಾರಿ ಪಲ್ಟಿ ಆಗೇತಂತ. ಖರೇನ್ರಿ?”

“ಪಲ್ಟಿ ಆಗಿದ್ದು ಖರೆ ಐತಿ. ಯಾರಿಗೆ ಏನಾಗೇತಿ ಅನ್ನೂದು ಇನ್ನೂ ಗೊತ್ತಿಲ್ಲವಾ. ಗೊತ್ತಾದ ಕೂಡ್ಲೆ ನಾನ ಹೇಳ್ತೀನಿ. ನನ್ನ ಬಿಟ್ಟು ಯಾರ್ ಬಂದು ಏನ್ ಹೇಳಿದ್ರೂ ನಂಬಬ್ಯಾಡ.”

“ಆತ್ರಿ. ನೀವು ಹೇಳೂತನಾ ನಾ ಅಳಂಗಿಲ್ಲರಿ,” ಎಂದಳು.

ಹವಾಲ್ದಾರರ ಎರಡನೇ ಫೋನ್ ನಮ್ಮ ಕೋಣೆಗೆ ಬರಲಿಲ್ಲ, ಅಡ್ಜುಟೆಂಟ್ ಅವರ ಮೊಬೈಲಿಗೆ ಬಂತು. ಘಟಕದ ದಿನನಿತ್ಯದ ಆಡಳಿತ ನೋಡಿಕೊಳ್ಳುತ್ತಿದ್ದ ಈ ತರುಣ ದಿಲ್ಲಿಯ ಕಾನ್ವೆಂಟಿನಲ್ಲಿ ಓದಿದವರು, ಒಳ್ಳೆಯ ಮನುಷ್ಯ, ಸ್ವಲ್ಪ ಅವಸರದವರು. ಟೋಪಿ ಕೈಯಲ್ಲಿ ಹಿಡಿದು ನಮ್ಮ ಕೋಣೆಯ ಬಾಗಿಲಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು. ಅವರ ಹಿಂದೆಯೇ ಕರ್ನಲ್ ಸಾಹೇಬರು.

“ನವಾಸಿ ಗಯಾ,” ಎಂದರು ಅಡ್ಜುಟೆಂಟ್. ನವಾಸಿ ಹೋದ.

ಕರ್ನಲ್ ಸಾಹೇಬರು ನನ್ನ ಕಡೆ ತಿರುಗಿ, ಅವಳ ಭಾಷೆ ನಿನಗೆ ಬರುತ್ತದೆ, ನಾವು ಹೋಗಿ ಹಿಂದಿಯಲ್ಲಿ ಹೇಳುವುದಕ್ಕಿಂತ ನೀನು ಜೊತೆಗೆ ಬಂದರೆ ಒಳ್ಳೆಯದು, ಜೀಪು ನಿಂತಿದೆ ಎಂದರು. ಸುಬೇದಾರರು ಕಪ್ಪು ಶಾಯಿಯ ಪೆನ್ನು ಕೈಯಲ್ಲಿ ಹಿಡಿದವರು ಹಾಗೇ ನಿಂತಿದ್ದರು. ಬರೆಯಲೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದರು.

ಹೋಗಬೇಕು ಎಂದು ಎದ್ದೆ. ಎದ್ದವಳು ಕೇಳಿದೆ, “ಒಂದೊಂದೇ ಅಂಕಿ ಹೇಳಿದರಾ ಅವರು?”

ಅಡ್ಜುಟೆಂಟರಿಗೆ ರೇಗಿತು. ಲೈನ್ ಕೆಟ್ಟಿತ್ತು, ಗಲಾಟೆ ಇತ್ತು, ಆದರೆ ತಾನು ಸ್ಪಷ್ಟವಾಗಿ ಕೇಳಿಸಿಕೊಂಡೆ ಎಂದರು. ನವಾಸಿ ಅಂದರೆ ಎಷ್ಟು ಸರ್ ಎಂದು ಕೇಳಿದೆ. ಅವರು ಬಾಯಿ ತೆರೆದರು, ಎಪ್ಪತ್ತೊಂಬತ್ತೋ ಎಂಬತ್ತೊಂಬತ್ತೋ ಎಂದು ತಡವರಿಸಿದರು. ಕಾನ್ವೆಂಟಿನಲ್ಲಿ ಓದಿದ ದಿಲ್ಲಿಯವರಿಗೂ ಗದಗಿನವಳಿಗೂ ಆ ಒಂದು ವಿಷಯದಲ್ಲಿ ಏನೂ ಫರಕಿರಲಿಲ್ಲ.

“ನಾನು ಬರುವುದಿಲ್ಲ ಸರ್,” ಎಂದೆ ಕರ್ನಲ್ ಸಾಹೇಬರಿಗೆ. “ಅಂಕಿ ಒಡೆದು ಕೇಳುವ ತನಕ ಬರುವುದಿಲ್ಲ. ಇದು ನೀಲಿ.”

ಅಡ್ಜುಟೆಂಟರ ಮಾತಿನಲ್ಲೂ ಹುರುಳಿತ್ತು. ಸ್ಥಳೀಯ ಟಿವಿಯವರು ಆಗಲೇ ಲಾರಿಯ ಬಳಿ ಮುಟ್ಟಿದ್ದರು. ನಾವು ತಡ ಮಾಡಿದರೆ ಗಂಡ ಸತ್ತ ಸುದ್ದಿಯನ್ನು ಹೆಂಡತಿ ಟಿವಿಯಲ್ಲಿ ನೋಡಬೇಕಾಗುತ್ತದೆ, ಅದು ನಿಮಗೆ ಒಪ್ಪಿಗೆಯೇ ಎಂದು ಕೇಳಿದರು. ಒಪ್ಪಿಗೆ ಇರಲಿಲ್ಲ. ಆದರೆ ನಾನು ಹೇಳುವ ತನಕ ಅಳುವುದಿಲ್ಲ ಎಂದವಳ ಮುಂದೆ ಹೋಗಿ ನಿಂತು ತಪ್ಪು ಸುದ್ದಿ ಹೇಳುವುದಕ್ಕೆ ನನ್ನ ಪ್ರಾಣ ಹೋದರೂ ಒಪ್ಪಿಗೆ ಇರಲಿಲ್ಲ. ಹೇಳಿದ ಮಾತನ್ನು ಅಳಿಸಲು ಅವಳ ಎದೆ ನಮ್ಮ ಬಿಳಿ ಹಲಗೆಯಲ್ಲವಲ್ಲ.

ಕರ್ನಲ್ ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. “ಕೋಣೆ ಅವಳದು,” ಎಂದರು ಅಡ್ಜುಟೆಂಟರಿಗೆ. “ಕೇಳಲಿ.” ಜೀವನದಲ್ಲಿ ನನಗೆ ಸಿಕ್ಕಿದ ಪದಕಗಳು ಹೆಚ್ಚಿಲ್ಲ. ಆ ಎರಡು ಮಾತನ್ನು ಸೇರಿಸಿದರೆ ಒಂದು ಹೆಚ್ಚು.

ಲೈನ್ ಸಿಗಲೊಲ್ಲದು. ಸುಬೇದಾರರು ಒಂದು ಫೋನಿನಿಂದ, ನಾನು ಇನ್ನೊಂದರಿಂದ ಹಚ್ಚುತ್ತಲೇ ಇದ್ದೆವು. ಹಚ್ಚಿದಾಗಲೆಲ್ಲ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಅದೇ ಹೆಣ್ಣುದನಿ. ಅವಳಿಗೆ ಕನ್ನಡದಲ್ಲಿ ನಾಲ್ಕು ಮಾತು ಬೈದೆ. ಕೊನೆಗೆ ಸುಬೇದಾರರು ಲೈನ್ ಸಿಕ್ಕಿತು ಎಂದು ಫೋನನ್ನು ನನ್ನ ಕೈಗೆ ಕೊಟ್ಟರು.

“ಹವಾಲ್ದಾರ್ ಸಾಬ್, ಬಾಲವಾಡಿ,” ಎಂದೆ. “ಒಂದೊಂದೇ ಅಂಕಿ.”

ಆ ಗಲಾಟೆಯಲ್ಲೂ ಅವರಿಗೆ ಅರ್ಥವಾಯಿತು. “ಸಾತ್,” ಎಂದರು. “ನೌ.”

“ಸಾತ್, ನೌ?”

“ಹಾಂ ಜೀ, ಮೇಮ್‌ಸಾಬ್. ಸಾತ್, ನೌ. ಉನಾಸಿ.”

ಉನಾಸಿ. ಮರಾಠಿಯವನು. ಕೆಟ್ಟ ಲೈನಿನಲ್ಲಿ ಮೊದಲ ಅಕ್ಷರ ನುಂಗಿಹೋಗಿ ಉಳಿದ ‘ನಾಸಿ’ಯನ್ನು ಅಡ್ಜುಟೆಂಟರ ಕಿವಿ ತಾನೇ ನವಾಸಿ ಮಾಡಿಕೊಂಡಿತ್ತು. ಇಷ್ಟಕ್ಕೇ ನಾನು ಫೋನ್ ಇಡಬಹುದಿತ್ತು. ಆದರೆ ಕಪ್ಪು ಶಾಯಿಗೆ ಇನ್ನೊಂದು ಪ್ರಶ್ನೆ ಬಾಕಿ ಇತ್ತು.

“ಗಯಾ ಅಂದರೆ ಏನು? ಕಣ್ಣಿಂದ ನೋಡಿದ್ದು ಹೇಳಿ.”

ಹವಾಲ್ದಾರರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿರಬೇಕು. “ಗಾಡೀಮೇ ಗಯಾ, ಮೇಮ್‌ಸಾಬ್. ಅಂಬುಲೆನ್ಸ್‌ನಲ್ಲಿ. ಔರಂಗಾಬಾದ್, ನಮ್ಮ ದೊಡ್ಡ ಆಸ್ಪತ್ರೆಗೆ. ಕಾಲು ಜಜ್ಜಿಹೋಗಿದೆ. ನೀರು ಕೇಳಿದ, ಡಾಕ್ಟರು ಕೊಡಬೇಡಿ ಅಂದರು. ನವಾಸಿಗೆ ಕೈ ತರಚಿದೆ ಅಷ್ಟೇ, ಅವನೇ ಎತ್ತಿ ಮಲಗಿಸಿ ಕಳಿಸಿದ.”

ಗಯಾ. ಹೋದ. ನಮ್ಮ ಕನ್ನಡದಲ್ಲೂ ಅದೇ ಪೀಡೆ. ಊರಿಗೆ ಹೋದವನೂ ಹೋದ, ಲೋಕ ಬಿಟ್ಟವನೂ ಹೋದ. ನಾನು ಎಲ್ಲವನ್ನೂ ಒಂದೊಂದಾಗಿ ತಿರುಗಿ ಹೇಳಿದೆ, ಅವರು ಹೌದು ಅಂದರು, ಸುಬೇದಾರರು ಕಪ್ಪು ಶಾಯಿಯಲ್ಲಿ ಬರೆದರು. ಅಡ್ಜುಟೆಂಟ್ ಗೋಡೆಗೆ ಆತುಕೊಂಡು ಮುಖ ಮುಚ್ಚಿಕೊಂಡರು. ಆಮೇಲೆ ಅವರು ತಮ್ಮ ಮುಂದಿನ ಘಟಕದಲ್ಲಿ ಇಂಥದೇ ಒಂದು ಬಾಲವಾಡಿ ಶುರು ಮಾಡಿದರು. ಮೇಲಿನ ಕಚೇರಿಯವರು ಕಂಪ್ಯೂಟರ್ ಕೊಟ್ಟಾಗ, ಅದರ ಪರದೆಯಲ್ಲೂ ‘ನೋಡಿದ್ದು’, ‘ಕೇಳಿದ್ದು’ ಎಂದು ಎರಡು ಬೇರೆ ಅಂಕಣಗಳಿದ್ದವು. ಅದು ಎಲ್ಲಿಂದ ಬಂತು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಆ ಪರದೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತ ಕೂತಿದ್ದೆ.

ಅವತ್ತು ಮಾತ್ರ ಕೂರಲು ಪುರುಸೊತ್ತಿರಲಿಲ್ಲ. ಜೀಪು ಹತ್ತುತ್ತ ನವಾಸಿಯ ಹೆಂಡತಿಗೆ ಫೋನ್ ಮಾಡಿದೆ. “ನಿಮ್ಮನಿಯವರು ಆರಾಮ ಅದಾರ. ಕೈ ತರಚೇತಿ ಅಷ್ಟ.” ಆ ಕಡೆ ಒಮ್ಮೆಲೇ ಅಳು ಒಡೆಯಿತು. ಅಳುವಿನ ನಡುವೆಯೇ, “ಹಂಗಾರ ಇನ್ನೊಬ್ಬರಿಗ್ರಿ?” ಎಂದಳು. ಅದನ್ನು ಮೊದಲು ಕೇಳಬೇಕಾದವಳು ಬೇರೆ ಇದ್ದಾಳೆ ಎಂದೆ.

ಉನಾಸಿಯ ಮನೆ ಕ್ವಾರ್ಟರ್ಸಿನ ಕೊನೆಯ ಸಾಲಿನಲ್ಲಿತ್ತು. ಜೀಪು ಇಳಿಯುವಾಗಲೇ ಅಳುವಿನ ಸದ್ದು ಕೇಳಿಸಿತು. ನಮ್ಮ ಕೋಣೆಗಿಂತ ಮೊದಲೇ ವಾಹನ ವಿಭಾಗದ ಯಾರದೋ ಮೊಬೈಲಿಗೆ ಉನಾಸಿ ಗಯಾ ಎಂಬ ಮಾತು ಬಂದು, ಅಲ್ಲಿಂದ ಮನೆಮನೆ ಸುತ್ತಿ ಅವನ ಹೆಂಡತಿಯ ಅಂಗಳಕ್ಕೆ ಮುಟ್ಟಿತ್ತು. ಹೆಂಗಸರು ಸುತ್ತ ಕೂತು ಎದೆ ಬಡಿದುಕೊಳ್ಳುತ್ತಿದ್ದರು. ಅವಳೊಬ್ಬಳೇ ಅಳುತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತು, ಕೈಗೆ ಹತ್ತಿದ್ದ ಜೋಳದ ಹಿಟ್ಟನ್ನು ಉಗುರಿನಿಂದ ಕೆರೆದು ಕೆರೆದು ತೆಗೆಯುತ್ತಿದ್ದಳು.

ನಾನು ಅವಳ ಮುಂದೆ ಮಂಡಿಯೂರಿ ಕೂತು, ನಾಸಿಕ್ ರೋಡಿನ ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ಹೇಳಿದೆ. ಅವರು ಜೀವಂತ ಇದ್ದಾರೆ. ಕಾಲಿಗೆ ಭಾರೀ ಪೆಟ್ಟಾಗಿದೆ, ಕಾಲು ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅಂಬುಲೆನ್ಸ್‌ನಲ್ಲಿ ಇಲ್ಲಿಗೇ ಬರುತ್ತಿದ್ದಾರೆ. ಈಗ ಹೊರಟರೆ ಅವರು ಬರುವಷ್ಟರಲ್ಲಿ ನಾವು ಆಸ್ಪತ್ರೆಯ ಬಾಗಿಲಲ್ಲಿ ಇರುತ್ತೇವೆ.

ಅವಳು ಹಿಟ್ಟು ಕೆರೆಯುವುದನ್ನು ನಿಲ್ಲಿಸಿ ನನ್ನ ಕಣ್ಣನ್ನೇ ನೋಡಿದಳು.

“ನಕ್ಕಿ?”

ನಮ್ಮ ಗದಗಿನಲ್ಲೂ ಅದೇ ಮಾತು, ಅದೇ ಅರ್ಥ. ಖಂಡಿತವಾ? ಅಷ್ಟು ವರ್ಷಗಳಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳ ಮುಂದೆ ಎಷ್ಟೋ ವರದಿ ಒಪ್ಪಿಸಿದ್ದೆ. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಮುರಿದ ಕುರ್ಚಿಯ ಕೋಣೆ, ಆ ಹಲಗೆ, ಮೀಸೆಯ ಹವಾಲ್ದಾರರ ಮಗ್ಗಿ, ನಾನು ತಿಂದ ಬೈಗುಳ ಎಲ್ಲ ಈ ಒಬ್ಬ ಹೆಂಗಸಿಗೆ ಒಂದು ಉತ್ತರ ಕೊಡುವುದಕ್ಕೇ ಇದ್ದವು ಅನ್ನಿಸಿತು.

“ಹೋ,” ಎಂದೆ. “ನಕ್ಕಿ.”

ಅವಳು ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಅಂಗಳದ ಹೆಂಗಸರ ಕಡೆ ತಿರುಗಿ ಗದರಿದಳು, “ರಡೂ ನಕಾ ಗ! ಜಿವಂತ ಆಹೇತ ತೇ!” ಅಳಬೇಡಿ, ಜೀವಂತ ಇದ್ದಾರೆ. ಎಲ್ಲರ ಅಳುವೂ ಗಪ್ಪನೆ ನಿಂತಿತು. ಅವಳು ನನಗಿಂತ ಮೊದಲು ಹೋಗಿ ಜೀಪು ಹತ್ತಿದಳು.